ಪೀಟರನ ಅಕ್ಕ ಯಾವ ಜಿಲ್ಲೆಯವರು?

ಕಳೆದ ಶುಕ್ರವಾರ ಮಸ್ಕತ್ತಿನ ಅಲ್ ಅಜೈಬಾದ ನಮ್ಮ ಮನೆಯ ಊಟದ ಮೇಜಿನಿಂದ ಇಂಗ್ಲೆಂಡಿನ ಪೊಲೀಸರಿಗೆ ಫೋನ್ ಹೋಯಿತು. ಅದೂ ನೀರುದೋಸೆಯ ಮಧ್ಯೆ!

ಮಾಡಿದ್ದು ನಾವಲ್ಲ, ಪೀಟರ್. ನನ್ನ ಗಂಡನ ಆಫೀಸಿನವನು, ಮೇಲಿನ ಫ್ಲ್ಯಾಟಿನಲ್ಲಿ ಒಬ್ಬನೇ ಇರುತ್ತಾನೆ. ಶುಕ್ರವಾರ ರಜೆ, ಊಟ ನಮ್ಮಲ್ಲೇ. (ಕೋಳಿಸಾರಿನ ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ 'ವೆರಿ ನೈಸ್' ಅನ್ನುವ ಸಜ್ಜನ.) ಅವತ್ತು ಮಾತ್ರ ದೋಸೆ ಮುಟ್ಟಲಿಲ್ಲ. ಊರಿನಲ್ಲಿರುವ ಅವನ ಅಕ್ಕ ಮಾರ್ಗರೆಟ್ ಬೆಳಗಿನಿಂದ ಫೋನ್ ಎತ್ತುತ್ತಿಲ್ಲ. ಸೊಂಟದ ಆಪರೇಷನ್ ಆಗಿ ಇನ್ನೂ ಕೋಲು ಹಿಡಿದು ನಡೆಯುವವರು. ಪಕ್ಕದ ಮನೆಯವರು ರಜೆಗೆ ಹೋಗಿದ್ದಾರೆ. ಬಿದ್ದುಬಿಟ್ಟಿದ್ದರೆ?

"ಪೊಲೀಸರಿಗೆ ಹೇಳು, ಹೋಗಿ ನೋಡ್ತಾರೆ," ಎಂದೆ.

ಅಲ್ಲೇ ಶುರುವಾಯಿತು ನೋಡಿ. ಇಂಗ್ಲೆಂಡಿನಲ್ಲಿ ಒಂದೊಂದು ಸೀಮೆಗೆ ಒಂದೊಂದು ಪೊಲೀಸ್ ಪಡೆ. ಇಲ್ಲಿಂದ ಮಾಡುವಾಗ ಸರಿಯಾದವರನ್ನೇ ಹಿಡಿಯಬೇಕು. ಪೀಟರ್ ಯಾರ್ಕ್‌ಶೈರ್ ಕಡೆಯವರಿಗೆ ಮಾಡಿದ. ಅವರು ವಿಳಾಸ ಕೇಳಿ, ಬಹಳ ವಿನಯದಿಂದ, "ಸರ್, ಆ ಊರು ಲ್ಯಾಂಕಾಶೈರ್‌ಗೆ ಬರುತ್ತದೆ. ಅಲ್ಲಿಯ ನಂಬರ್ ಕೊಡುತ್ತೇನೆ" ಎಂದರು.

ಪೀಟರನ ಮುಖ ಕೆಂಪಾಯಿತು. ಐವತ್ತು ವರ್ಷಗಳ ಹಿಂದೆ ಗಡಿ ಬದಲಿಸಿ ಆ ಊರನ್ನು ಪಕ್ಕದ ಕೌಂಟಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಸೇರಿಸಿದ್ದಾರಂತೆ. ಆಗ ಇವನಿನ್ನೂ ತೊಟ್ಟಿಲಲ್ಲಿದ್ದ! ಗೊತ್ತಿಲ್ಲದ್ದೇನಲ್ಲ. ಒಪ್ಪಿಕೊಂಡಿಲ್ಲ, ಅಷ್ಟೆ.

"ನಾವು ಯಾರ್ಕ್‌ಶೈರ್‌ನವರೇ," ಎಂದು ಫೋನಿನಲ್ಲೇ ವಾದಕ್ಕೆ ನಿಂತ. ಅಕ್ಕ ಎಲ್ಲಿ ಬಿದ್ದಿದ್ದಾರೋ, ತಮ್ಮನಿಗೆ ಗಡಿವಿವಾದ! ನನಗೆ ರೇಗಿತು. "ಖಲಾಸ್, ಸಾಕು ಪೀಟರ್! ಆ ನಂಬರಿಗೆ ಮಾಡು," ಎಂದು ಗದರಿದೆ. ಮಾಡಿದ. 'ಲ್ಯಾಂಕಾಶೈರ್' ಅನ್ನುವಾಗ ಹಾಗಲಕಾಯಿ ಕಚ್ಚಿದವನಂತಿದ್ದ.

ಆಮೇಲೆ ಮೂವರೂ ಫೋನನ್ನೇ ನೋಡುತ್ತಾ ಕುಳಿತೆವು. ದೋಸೆ ಆರಿತು.

ಕೊನೆಗೆ ಅಕ್ಕನೇ ಫೋನ್ ಮಾಡಿದರು. ಪೀಟರ್ ಸ್ಪೀಕರ್ ಹಾಕಿದ. ಮರುದಿನ ಯಾರ್ಕ್‌ಶೈರ್ ದಿನಾಚರಣೆಯಂತೆ. ಮಹಾತಾಯಿ ಹಿತ್ತಲಿನಲ್ಲಿ ಸ್ಟೂಲ್ ಹತ್ತಿ ಯಾರ್ಕ್‌ಶೈರ್ ಬಾವುಟ ಕಟ್ಟುತ್ತಿದ್ದರು! ಫೋನ್ ಅಡುಗೆಮನೆಯಲ್ಲಿ.

"ಪೊಲೀಸರು ಬರಲಿಲ್ಲವಾ?" ಪೀಟರ್ ಕೇಳಿದ.

"ಬಂದಿದ್ದರು. ಲ್ಯಾಂಕಾಶೈರ್ ಪೊಲೀಸ್ ಅಂದರು. ಹಾಗಾದರೆ ನಿಮ್ಮ ಕೌಂಟಿಗೆ ಹೋಗಿ ಅಂತ ಬಾಗಿಲು ಹಾಕಿದೆ."

"ಸರೀ ಮಾಡಿದ್ರು ನೋಡು ಮಾರಾಯ್ತಿ!" ನನ್ನ ಗಂಡ ಮೇಜು ಕುಟ್ಟಿದರು.

ಕುಟ್ಟದೆ ಏನು? ಇವರು ಕಾರ್ಕಳದವರು. ಕಾರ್ಕಳ ಉಡುಪಿ ಜಿಲ್ಲೆಗೆ ಸೇರಿ ಯಾವ ಕಾಲವಾಯಿತು! ಮಸ್ಕತ್ತಿನಲ್ಲಿ ಯಾರು ಊರು ಕೇಳಿದರೂ ಇವರದು 'ಮಂಗಳೂರು'. ಬಿಡಿಸಿ ಕೇಳಿದರೆ 'ಅವಿಭಜಿತ ದಕ್ಷಿಣ ಕನ್ನಡ'. (ಮೈಸೂರಿನವಳಾದ ನನಗೆ ಈ ಕಾಯಿಲೆ ಇಲ್ಲ.)

"ರೀ, ಕಾರ್ಕಳದಲ್ಲಿ ನಿಮ್ಮಣ್ಣ ಒಂದಿನ ಫೋನ್ ಎತ್ತಲಿಲ್ಲ ಅಂದ್ರೆ ನಾನು ಯಾವ ಜಿಲ್ಲೆ ಪೊಲೀಸರಿಗೆ ಮಾಡ್ಲಿ?" ಎಂದೆ.

ಇವರು ಆರಿದ ದೋಸೆಯನ್ನು ಹರಿಯುತ್ತಾ ಯೋಚಿಸಿದರು. ಪೀಟರನಿಗೆ ಕನ್ನಡ ಬಾರದಿದ್ದರೂ ದನಿ ತಗ್ಗಿಸಿದರು.

"ಉಡುಪಿಗೇ ಮಾಡು. ಆದ್ರೆ ಎಲ್ಲಿಂದ ಬಂದದ್ದು ಅಂತ ಪೊಲೀಸರು ಅಣ್ಣನ ಹತ್ರ ಹೇಳೂದು ಬೇಡ ಮಾರಾಯ್ತಿ, ಬಾಗಿಲು ತೆಗೀಲಿಕ್ಕಿಲ್ಲ."