ತುದಿಯವರೆಗಿನ ಮರ

ಬಂದೂಕು ರಿಪೇರಿ ಅಂಗಡಿ ಎಲ್ಲಿ ಎಂದು ಕೇಳಿದರೆ ಆ ಬೀದಿಯವರು ತಲೆ ಕೆರೆದುಕೊಳ್ಳುತ್ತಿದ್ದರು. ತುದಿಮೇಸ್ತ್ರಿಯ ಮನೆ ಎಂದರೆ ಸಾಕು, ಆಡುತ್ತಿದ್ದ ಮಕ್ಕಳೂ ಆಟ ಬಿಟ್ಟು ಬಾಗಿಲವರೆಗೆ ಬಂದು ತೋರಿಸಿ ಹೋಗುತ್ತಿದ್ದವು.

ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಸಾಮಾನ್ಯವಾಗಿ ಬೇಟೆ ಬಂದೂಕಿನ ಮರ ಅರ್ಧದಾರಿಯಲ್ಲೇ ನಿಂತುಬಿಡುತ್ತದೆ, ಅಲ್ಲಿಂದಾಚೆ ಬರೀ ಉಕ್ಕಿನ ನಳಿಗೆ. ಈ ಮೇಸ್ತ್ರಿ ಕೂರಿಸುವ ಮರವೋ, ಹೆಗಲಿಗೆ ಆನಿಸುವ ಕಡೆಯಿಂದ ಹೊರಟು ಗುಂಡು ಹಾರುವ ಬಾಯಿಯವರೆಗೂ ಒಂದೇ ತುಂಡಾಗಿ ಹೋಗುತ್ತಿತ್ತು. ಅಕ್ರೋಟ್ ಮರ, ಅಗಸೆ ಎಣ್ಣೆ ಕುಡಿದು ಕುಡಿದು ಒಳಗೇ ದೀಪ ಹಚ್ಚಿಟ್ಟಂತೆ ಹೊಳೆಯುವ ಮರ.

ಎದುರು ಮನೆಯ ದರ್ಜಿ ದಿನಾ ಕಾಲೆಳೆಯುತ್ತಿದ್ದ. "ಏನ್ ಮೇಸ್ತ್ರಿ, ಇವತ್ತಾದ್ರೂ ತುದಿ ಮುಟ್ತಾ, ಇಲ್ಲ ಇನ್ನೂ ದಾರೀಲೇ ಇದ್ಯಾ?"

"ನೀನು ಷರಟಿಗೆ ಅರ್ಧ ತೋಳು ಹೊಲಿದು ಇದೇ ಫ್ಯಾಶನ್ನು ಅಂತೀಯ. ನನಗೆ ಆ ಸೌಕರ್ಯ ಇಲ್ಲಪ್ಪ," ಎನ್ನುತ್ತಿದ್ದ ಮೇಸ್ತ್ರಿ.

ಸೌಕರ್ಯ ಇರಲಿಲ್ಲ ಎಂಬುದು ನಿಜ. ಮರ ಉದ್ದವಾದಷ್ಟೂ ಅದರ ಹಟ ಹೆಚ್ಚು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಸೊರಗುತ್ತದೆ. ನಳಿಗೆ ಮಲಗುವ ತೋಡಿನಲ್ಲಿ ಎಲ್ಲಾದರೂ ಒಂದು ಕಡೆ ಮರ ನಳಿಗೆಯನ್ನು ಒತ್ತಿತೋ, ಗುಂಡು ಗುರಿ ತಪ್ಪಿ ಗೇಣುದ್ದ ಪಕ್ಕಕ್ಕೆ ಹೋಗುತ್ತದೆ. ಆದ್ದರಿಂದ ತೋಡಿನ ಮುಂಭಾಗದಲ್ಲೆಲ್ಲ ಕೂದಲೆಳೆಯಷ್ಟು ಸಂದು ಬಿಡಬೇಕು, ಆದರೆ ಹೊರಗಿನಿಂದ ನೋಡಿದವರಿಗೆ ಸಂದು ಇದೆ ಎಂದು ಗೊತ್ತಾಗಬಾರದು. ಅದಕ್ಕೆ ಅವನು ನಳಿಗೆಗೆ ದೀಪದ ಮಸಿ ಹಚ್ಚಿ, ತೋಡಿನಲ್ಲಿ ಮಲಗಿಸಿ, ಮೆಲ್ಲಗೆ ತಟ್ಟಿ ಎತ್ತುತ್ತಿದ್ದ. ಮರಕ್ಕೆ ಎಲ್ಲಿ ಮಸಿ ಅಂಟಿದೆಯೋ ಅಲ್ಲಿ ತಾಗುತ್ತಿದೆ ಎಂದರ್ಥ. ಅಲ್ಲಿ ಹೆರೆಯಬೇಕು. ಮತ್ತೆ ಮಸಿ, ಮತ್ತೆ ತಟ್ಟು, ಮತ್ತೆ ಹೆರೆ. ಒಂದು ಮರ ಮುಗಿಯುವಷ್ಟರಲ್ಲಿ ದರ್ಜಿಯ ಅಂಗಡಿಯಲ್ಲಿ ಮೂರು ಮದುವೆಯ ಬಟ್ಟೆ ಹೊಲಿದು ಮುಗಿದಿರುತ್ತಿತ್ತು.

ವಯಸ್ಸಾಗುತ್ತ ಮೇಸ್ತ್ರಿಯ ಕಣ್ಣು ಹತ್ತಿರದ್ದಕ್ಕೆ ಕೈಕೊಟ್ಟಿತು. ಬೀದಿಯ ಕೊನೆಯಲ್ಲಿ ಬರುವವನ ನಡಿಗೆ ನೋಡಿ ಹೆಸರು ಹೇಳುವವನು, ಕೈಯಲ್ಲಿರುವ ಮರದ ಮೇಲಿನ ಮಸಿ ಕಾಣದೆ ಕೂರುವಂತಾಯಿತು. ಕನ್ನಡಕ ಬದಲಾಯಿಸಿದ್ದೂ ಆಯಿತು, ಏನೂ ಗಿಟ್ಟಲಿಲ್ಲ. ಆಗ ಹೆಂಡತಿ ಕಿಟಕಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಮಸಿ ಅಂಟಿದಲ್ಲಿ ಅವಳು ಉಗುರು ಇಡಬೇಕು, ಉಗುರಿನ ತುದಿಗೆ ಅವನು ಉಳಿ ಇಡಬೇಕು.

"ನೋಡಿಕೊಂಡು ಮಾಡ್ರೀ, ನನ್ನ ಬೆರಳನ್ನೂ ಹೆರೆದುಬಿಟ್ಟೀರ."

"ಹೆರೆದ್ರೆ ಪಾತ್ರೆ ತೊಳೆಯೋದು ತಪ್ಪುತ್ತೆ ಅಂತ ತಾನೇ ಬೆರಳು ಅಲ್ಲಿಟ್ಟಿರೋದು?"

"ಪಾತ್ರೆ ತೊಳೆಯೋಕೆ ನೀವಿದ್ದೀರಲ್ಲ, ಅದಕ್ಕೇನು ಹತ್ತಿರದ ಕಣ್ಣು ಬೇಡ."

ಹೀಗೆ ಇಬ್ಬರೂ ಸೇರಿ ಒಬ್ಬ ಮೇಸ್ತ್ರಿಯಾಗಿದ್ದರು. ಮಕ್ಕಳಿರಲಿಲ್ಲ. ಮೊದಲೆಲ್ಲ ಕೆಲಸ ಮುಗಿದಾಗ ಅವನು ಕಾಗದದ ಪಟ್ಟಿಯೊಂದನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ, ತುದಿಯಿಂದ ಹಿಂದಕ್ಕೆ ಎಳೆದು ನೋಡುತ್ತಿದ್ದ. ತಡೆಯದೆ ಜಾರಿದರೆ ಸಂದು ಸರಿಯಿದೆ ಎಂದು ಲೆಕ್ಕ. ಅವಳು ಸ್ಟೂಲಿಗೆ ಬಂದಮೇಲೆ ಆ ಪರೀಕ್ಷೆ ಬಿಟ್ಟುಬಿಟ್ಟ. ಅವಳು ನೋಡಿ ಆಯ್ತು ಎಂದಮೇಲೆ ಕಾಗದ ಹಿಡಿಯುವುದೆಂದರೆ ಅವಳ ಮಾತಿನ ಮೇಲೆ ನಂಬಿಕೆಯಿಲ್ಲ ಎಂದಂತೆ. ಅಷ್ಟು ವರ್ಷ ಜೊತೆಗೆ ಬಾಳಿದವಳಿಗೆ ಅದನ್ನು ಹೇಗೆ ಮಾಡುವುದು?

ಕಾಡು ಕಾಯುವ ಗಾರ್ಡಿನ ಬಂದೂಕಿಗೂ ಹಾಗೆಯೇ ತುದಿಯವರೆಗೆ ಮರ ಕೂರಿಸಿ ಕೊಟ್ಟರು. ಒಯ್ದವನು ಮಳೆ ಹಿಡಿದಮೇಲೆ ಹಿಂದಿರುಗಿ ಬಂದ. ಟೋಪಿ ತೆಗೆದು ಬೆಂಚಿನ ಮೇಲಿಟ್ಟು, ಬಂದೂಕನ್ನು ಅದರ ಪಕ್ಕ ಮಲಗಿಸಿದ.

"ಏನಾಯ್ತಯ್ಯಾ?"

"ಲಾರಿ ಹೊಡೆದು ಒಂದು ಜಿಂಕೆ ಬಿದ್ದಿತ್ತು ಮೇಸ್ತ್ರಿ. ಕಾಲು ಮುರಿದಿತ್ತು. ನರಳೋದು ಬೇಡ, ಹತ್ತಿರ ಹೋದ್ರೆ ಬೆದರುತ್ತೆ ಅಂತ ದೂರದಿಂದಲೇ ಕಿವಿ ಹಿಂದೆ ಗುರಿಯಿಟ್ಟೆ. ದವಡೆಗೆ ಬಿತ್ತು. ಮೂರೇ ಕಾಲಲ್ಲಿ ಎದ್ದು ಓಡ್ತು. ಸಂಜೇವರೆಗೂ ಹುಡುಕಿದೆ."

"ಸಿಕ್ತಾ?"

"ಸಿಕ್ತು. ಆದರೆ ಅಷ್ಟು ಹೊತ್ತು ಅದು ಬದುಕಿತ್ತು."

ಒಳಗಿನಿಂದ ಹೆಂಡತಿ ಚಹಾ ತಂದಳು. ಲೋಟಕ್ಕೆ ಬಗ್ಗಿಸುವಾಗ ಧಾರೆ ಲೋಟದ ಅಂಚು ದಾಟಿ ಬೆಂಚಿನ ಮೇಲೆ ಬಿತ್ತು. ಅವಳಿಗೆ ಗೊತ್ತಾಗಲಿಲ್ಲ. ಗಾರ್ಡು ಟೋಪಿ ಪಕ್ಕಕ್ಕೆ ಸರಿಸಿದ. ಮೇಸ್ತ್ರಿ ನೋಡಿದ. ಅವಳು ಕೆಟಲ್ ಹಿಡಿದು ಒಳಗೆ ಹೋದದ್ದೇ ತಡ, ಪೇಪರಿನಿಂದ ಒಂದು ಪಟ್ಟಿ ಹರಿದು ನಳಿಗೆಯ ತುದಿಯಲ್ಲಿ ತೂರಿಸಿ ಎಳೆದ. ಗೇಣು ದೂರ ಹೋಗುವಷ್ಟರಲ್ಲಿ ಪಟ್ಟಿ ಸಿಕ್ಕಿಕೊಂಡಿತು.

"ಮಳೆಗೆ ಉಬ್ಬಿದೆಯೇನೋ," ಎಂದ ಗಾರ್ಡು.

ಮೇಸ್ತ್ರಿ ಪಟ್ಟಿಯನ್ನು ಮೆಲ್ಲಗೆ ಹೊರಗೆಳೆದ. ಮರ ಮಳೆಗೆ ಉಬ್ಬಿದರೂ ತಾಗದಿರಲೆಂದೇ ಬಿಡುವ ಸಂದು ಅದು.

"ಮಸಿ ಹಚ್ಚಿ ಮೇಸ್ತ್ರಿ, ನಾನೇ ನೋಡಿ ಹೇಳ್ತೀನಿ. ನನ್ನ ಕಣ್ಣು ಚೆನ್ನಾಗಿದೆ. ಅಕ್ಕನಿಗ್ಯಾಕೆ ತೊಂದರೆ?"

ಹೆಂಡತಿ ಬಾಗಿಲಲ್ಲಿ ಬಂದು ನಿಂತಿದ್ದಳು. ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

"ಅದು ಅವಳ ಕೆಲಸ ಕಣಯ್ಯಾ. ನೀನು ನಿನ್ನ ಕಾಡು ನೋಡ್ಕೋ. ಭಾನುವಾರ ಬಾ," ಎಂದು ಮೇಸ್ತ್ರಿ ಅವನನ್ನು ಸಾಗಹಾಕಿದ.

ಮರುದಿನ ಬೆಳಕು ಚೆನ್ನಾಗಿ ಬಂದಮೇಲೆ ನಳಿಗೆ ಬಿಚ್ಚಿದ. ಬಟ್ಟೆಯಿಂದ ಅದನ್ನು ಚೆನ್ನಾಗಿ ಒರೆಸಿದ, ತೋಡನ್ನೂ ಒರೆಸಿದ. ಮಸಿ ಮಾತ್ರ ಹಚ್ಚಲಿಲ್ಲ. ಮಲಗಿಸಿದ, ತಟ್ಟಿದ, ಎತ್ತಿದ.

"ಬಾರೇ, ನೋಡು."

ಅವಳು ಸ್ಟೂಲಿನ ಮೇಲೆ ಕೂತು ತೋಡಿನ ಮೇಲೆ ಬಗ್ಗಿದಳು. ಅವಳ ಬೆರಳು ಮರದ ಉದ್ದಕ್ಕೂ ನಿಧಾನವಾಗಿ ಸರಿದು ಒಂದು ಕಡೆ ನಿಂತಿತು.

"ಇಲ್ಲಿದೆ ರೀ, ಒಂಚೂರು." ಬೆರಳು ಮುಂದೆ ಹೋಯಿತು. "ಇಲ್ಲೂ ಇದೆ. ಇದು ಸ್ವಲ್ಪ ಜಾಸ್ತಿ."

ಇಂಥ ಮರ ಸಾಮಾನ್ಯವಾಗಿ ಎಲ್ಲೆಲ್ಲಿ ತಾಗುತ್ತದೆ ಎಂಬ ನೆನಪಿನ ಮೇಲೆಯೇ ಅವಳು ತೋರಿಸುತ್ತಿದ್ದಳು. ಎಂದಿನಿಂದ ಹೀಗೆ? ಅವನು ಕೇಳಲಿಲ್ಲ. ಕೇಳಿದರೆ ಆ ಸ್ಟೂಲು ಖಾಲಿಯಾಗುತ್ತದೆ. ಉಳಿಯನ್ನು ತಿರುಗಿಸಿ ಹಿಡಿದು, ಅದರ ಬೆನ್ನಿನಿಂದ ಅವಳ ಉಗುರು ಇದ್ದಲ್ಲಿ ಉಜ್ಜಿದ. ಸದ್ದು ಬಂತು, ಮರ ಹೋಗಲಿಲ್ಲ.

"ಹೋಯ್ತಾ?" ಎಂದು ಅವನೇ ಕೇಳಿದ.

ಅವಳು ಮತ್ತೆ ಬಗ್ಗಿ ನೋಡಿದಳು. "ಈಗ ಸರಿಯಾಯ್ತು."

ಸರಿಯಾಗಿರಲಿಲ್ಲವಲ್ಲ. ಪಟ್ಟಿ ಎಷ್ಟು ದೂರದಲ್ಲಿ ಸಿಕ್ಕಿಕೊಂಡಿತು ಎಂದು ಗೊತ್ತಿತ್ತು, ಆದರೆ ತೋಡಿನ ತಳವೋ, ಎಡವೋ, ಬಲವೋ? ಕುರುಡಾಗಿ ಹೆರೆದರೆ ಸಂದು ಬಾಯಿಬಿಟ್ಟುಕೊಳ್ಳುತ್ತದೆ. ಬಿಟ್ಟರೆ ಇನ್ನೊಂದು ಜಿಂಕೆ ದವಡೆ ಮುರಿದುಕೊಂಡು ಓಡುತ್ತದೆ. ಬೇರೆಯವರ ಕಣ್ಣು ಕರೆತಂದರೆ ಇವಳು ಏನಾಗುತ್ತಾಳೋ. ಮೂರನ್ನೂ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಗೂಟದಿಂದ ಗರಗಸ ತೆಗೆದ.

ತಾಗುವ ಜಾಗಕ್ಕಿಂತ ಬಹಳ ಹಿಂದೆ, ಎಲ್ಲರ ಬಂದೂಕಿನ ಮರವೂ ನಿಲ್ಲುವಲ್ಲಿ, ಬೆರಳಿಂದ ಅಳೆದು ಗುರುತು ಮಾಡಿ ಗರಗಸ ಇಟ್ಟ. ಅಲ್ಲಿಂದ ಮುಂದೆ ಮರವೇ ಇಲ್ಲದಿದ್ದರೆ ನಳಿಗೆಗೆ ತಾಗುವುದಾದರೂ ಏನು? ಸದ್ದು ಕೇಳಿ ಅವಳು ಅಡುಗೆಮನೆಯಿಂದ ಬಂದಳು.

"ಏನ್ ಕೊಯ್ತಿದ್ದೀರ?"

"ಗಾರ್ಡಿಗೆ ಗಿಡ್ಡದು ಬೇಕಂತೆ. ಉದ್ದದ್ದು ಪೊದೆಗೆ ಸಿಕ್ಕಿಕೊಳ್ಳುತ್ತಂತೆ."

ಅವಳು ಬಂದು ಮರದ ಮುಂದಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೊನೆಗೆ ತುಂಡು ತನ್ನ ಭಾರಕ್ಕೆ ಮುರಿದು ಸಿಬರು ಎಳೆಯಬಾರದೆಂದು ಹಾಗೆ ಹಿಡಿಯಬೇಕು. ಗರಗಸ ದಾಟಿದಾಗ ಆ ತುಂಡು ಅವಳ ಕೈಯಲ್ಲೇ ಉಳಿಯಿತು. ಅದರ ತೋಡಿನಲ್ಲಿ ಒಮ್ಮೆ ಬೆರಳಾಡಿಸಿ ಬೆಂಚಿನ ಮೇಲಿಟ್ಟಳು.

ಭಾನುವಾರ ಗಾರ್ಡು ಬಂದ. ಗೋಡೆಗೆ ಒರಗಿದ್ದ ಬಂದೂಕು ನೋಡಿ ಅವನ ಮುಖ ಬಿಳಿಚಿತು. ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು:

"ಗಿಡ್ಡದು ಬೇಕು ಅಂದ್ಯಂತೆ. ಯಾಕಪ್ಪಾ, ಉದ್ದದ್ದು ಚೆನ್ನಾಗಿರಲಿಲ್ವಾ?"

ಗಾರ್ಡು ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ನೆಲ ನೋಡುತ್ತಿದ್ದ.

"ಚೆನ್ನಾಗಿತ್ತು ಅಕ್ಕಾ. ಭಾರ ಆಗ್ತಿತ್ತು ಅಷ್ಟೇ."

"ಹೌದು," ಎಂದಳು ಅವಳು. "ಇವರಿಗೂ ಭಾರ ಆಗಿದೆ ಅದು. ಅವರೂ ಹೇಳಲ್ಲ, ನಾನೂ ಕೇಳಲ್ಲ."

ಸ್ಟೂಲಿನಿಂದ ಎದ್ದು, ಒಂದು ಕೈಯನ್ನು ಗೋಡೆಗೆ ಹಚ್ಚಿಕೊಂಡೇ ಒಳಗೆ ನಡೆದಳು. ಮೇಸ್ತ್ರಿ ಬಂದೂಕನ್ನು ಗಾರ್ಡಿನ ಕೈಗಿಟ್ಟು, ಅವಳ ಹಿಂದೆಯೇ ಹೋದ. ಆಮೇಲೆ ಆ ಮನೆಯಿಂದ ತುದಿಯವರೆಗಿನ ಮರ ಒಂದೂ ಹೊರಬರಲಿಲ್ಲ.