ಸೋಮವಾರ ಕಲ್ಲಾಗುತ್ತಿದ್ದ ಎಡಿಟರ್

ನನ್ನ ಹೆಂಡತಿ ಶರ್ಮಿಳಾ ಅರಸೀಕೆರೆಯ ನಮ್ಮ ನಡುಮನೆಯಲ್ಲಿ ಕೂತು ಬೇಲೂರಿನ ಕಂಪ್ಯೂಟರಿನಲ್ಲಿರುವ ಫೈಲು ತಿದ್ದುತ್ತಾಳೆ. ಅದಕ್ಕೆ ಎಡಿಟರ್ ಎಂಬ ತಂತ್ರಾಂಶವಿದೆ. ಅವಳು ಗಂಡಸಿ ಎಂಬ ಊರಿನ ಹುಡುಗಿ, ಮಾತು ಕಡಿಮೆ, ಹಟ ಜಾಸ್ತಿ. ಮದುವೆಯಾದ ಹೊಸತರಲ್ಲಿ "ನಮ್ಮ ಟೈಲ್ಸ್ ಅಂಗಡೀಲಿ ಬಿಲ್ ಹಾಕ್ಕೊಂಡಿರು" ಅಂದಿದ್ದಕ್ಕೆ ನನ್ನ ಜೊತೆ ಮಾತು ಬಿಟ್ಟಿದ್ದಳು.

ಬೇಲೂರಿನಲ್ಲಿ ಲಾಡ್ಜು ನಡೆಸುವ ಕಮಲಾಕ್ಷಮ್ಮ ಅವಳ ಮೊದಲ ಗಿರಾಕಿ. ಆ ವಾರ ಯಾವ ಕೋಣೆ ಖಾಲಿ ಎಂದು ಸೋಮವಾರ ಬೆಳಿಗ್ಗೆ ಅವರ ವೆಬ್‌ಸೈಟಿಗೆ ಹಾಕಬೇಕು. ದೀಪಾವಳಿಗೆ ಗಂಡಸಿಯ ಅವಳ ದೊಡ್ಡಪ್ಪ ಸಿದ್ದಬಸಪ್ಪನವರೂ ತಮ್ಮ ಕೊಬ್ಬರಿ ಅಂಗಡಿಯ ಕಂಪ್ಯೂಟರಿನಲ್ಲಿರುವ ಫೈಲು ತಿದ್ದುವ ಕೆಲಸ ಕೊಟ್ಟರು. ಖುಷಿಯೋ ಖುಷಿ. ಆದರೆ ಅಲ್ಲಿಂದೀಚೆಗೆ ಎಡಿಟರ್‌ಗೆ ಏನೋ ಬಡಿಯಿತು. ಬೇರೆ ದಿನ ಚೆನ್ನಾಗಿರುತ್ತಿತ್ತು, ಸೋಮವಾರ ಮಾತ್ರ ತೆರೆದ ಕೂಡಲೇ ಕಲ್ಲಾಗಿ ನಿಲ್ಲುತ್ತಿತ್ತು. ಸೈಟಿನ ಹಳೆಯ ಪಟ್ಟಿ ನೋಡಿ ಕೋಣೆ ಖಾಲಿ ಇದೆಯೆಂದು ನಂಬಿ ಹೋದ ಪ್ರವಾಸಿಗರು ಲಾಡ್ಜಿನಲ್ಲಿ ಜಗಳ ತೆಗೆದರು.

ಕಮಲಾಕ್ಷಮ್ಮ ಭಾನುವಾರ ಫೋನ್ ಮಾಡಿದರು. "ಬೇಜಾರ್ ಮಾಡ್ಕೋಬೇಡಮ್ಮ. ನಾಳೆನೂ ಆಗ್ಲಿಲ್ಲ ಅಂದ್ರೆ ಈ ಕೆಲ್ಸ ಹಾಸನದ ಕಂಪ್ಯೂಟರ್‌ನೋರಿಗೆ ಕೊಟ್ಬಿಡ್ತೀನಿ."

ಸೋಮವಾರ ಬೆಳಿಗ್ಗೆ ಎಡಿಟರ್ ಮತ್ತೆ ನಿಂತಿತು. "ಆಫ್ ಮಾಡಿ ಆನ್ ಮಾಡು," ಎಂದೆ. ನನಗೆ ಗೊತ್ತಿರುವುದು ಅದೊಂದೇ. ಅವಳು ನೋಡಿದ ನೋಟಕ್ಕೆ ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಮೊಬೈಲ್ ನೆಟ್ ಹಾಕಿ ನೋಡಿದಳು, ಆಗಲಿಲ್ಲ. ಬೇಲೂರಿಗೆ ಫೋನ್ ಮಾಡಿ ಕೇಳಿದಳು. ಅಲ್ಲಿನ ಕಂಪ್ಯೂಟರ್ ನಡೆಯುತ್ತಿತ್ತು. ಇಷ್ಟು ದಿನ ನಿಂತ ಎಡಿಟರ್ ಅನ್ನು ಸಿಟ್ಟಿನಿಂದ ಮುಚ್ಚುತ್ತಿದ್ದವಳು, ಈ ಸಲ ಮುಚ್ಚದೆ, ಎಲ್ಲಿ ಸಿಕ್ಕಿಕೊಂಡಿದೆ ಎಂದು ಅದನ್ನೇ ಕೇಳಿದಳು. ಅದಕ್ಕೂ ಒಂದು ಆಜ್ಞೆ ಇದೆಯಂತೆ. ತೆರೆಯ ಮೇಲೆ ಒಂದು ಕಂಪ್ಯೂಟರಿನ ವಿಳಾಸ ಬಂತು. ಅದು ಬೇಲೂರಿನದಲ್ಲ, ಗಂಡಸಿಯದು!

ತಕ್ಷಣ ಫೋನ್ ಹಚ್ಚಿದಳು. "ದೊಡ್ಡಪ್ಪ, ಅಂಗಡಿ ಕಂಪ್ಯೂಟರ್ ಆನ್ ಐತಾ?"

"ಸೋಮವಾರ ಅಲ್ವೇನವ್ವಾ? ಶಿವನ ವಾರ, ಅಂಗಡಿಗೆ ಬೀಗ. ಮೇನ್ ಸ್ವಿಚ್ಚೇ ಇಳಿಸಿ ಬಂದಿದ್ದೀನಿ."

ಆಗಿದ್ದಿಷ್ಟೇ. ಹಿಂದೆ ತೆರೆದಿದ್ದ ಫೈಲುಗಳನ್ನೆಲ್ಲ ಎಡಿಟರ್ ಶುರುವಿನಲ್ಲೇ ಒಮ್ಮೆ ಹೋಗಿ ನೋಡುತ್ತಿತ್ತು. ಸೋಮವಾರ ಗಂಡಸಿಯ ಕಂಪ್ಯೂಟರ್ ಉತ್ತರ ಕೊಡದಿದ್ದಾಗ, ಎಡಿಟರ್ ಬೀಗ ಹಾಕಿದ ಬಾಗಿಲ ಮುಂದೆ ನೆಂಟ ಕಾದಂತೆ ಕಾದು ನಿಲ್ಲುತ್ತಿತ್ತು. ಬೇಲೂರಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ದೂರದ ಹಳೆಯ ಫೈಲುಗಳ ಗೊಡವೆಗೆ ಹೋಗಬೇಡ ಎಂದು ಅದಕ್ಕೆ ಒಂದು ಸಾಲಿನಲ್ಲಿ ಬರೆದಳು. ಮುಚ್ಚಿ ತೆರೆದಳು. ಬೇಲೂರಿನ ಫೈಲು ಥಟ್ಟನೆ ಬಂತು. ತಿದ್ದಿ ಉಳಿಸಿದಳು. ನಂಬಿಕೆ ಬಾರದೆ ಮತ್ತೊಮ್ಮೆ ಮುಚ್ಚಿ ತೆರೆದಳು, ಮತ್ತೆ ಬಂತು. ಆಮೇಲೆ ನೋಡಬೇಕಿತ್ತು, ಮಾತು ಕಡಿಮೆಯ ನನ್ನ ಹೆಂಡತಿ ಕೂಗಿದ ಕೂಗಿಗೆ ಪಕ್ಕದ ಮನೆಯ ಅನುಸೂಯಮ್ಮ ಗಾಬರಿಯಾಗಿ ಓಡಿ ಬಂದರು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಫೋನಿನಲ್ಲಿ ದೊಡ್ಡಪ್ಪ ಇನ್ನೂ ಇದ್ದರು. "ಹಂಗಾದ್ರೆ ಸೋಮವಾರನೂ ಸ್ವಿಚ್ ಹಾಕಿಡ್ಲೇನವ್ವಾ?"

"ಬ್ಯಾಡ ದೊಡ್ಡಪ್ಪ. ಆಫಿದ್ರೂ ನಡೀತೈತೆ ಈಗ!"

ಆ ಫೋನ್ ಇಡುವಷ್ಟರಲ್ಲಿ ಕಮಲಾಕ್ಷಮ್ಮನ ಫೋನ್ ಬಂತು. "ಸೈಟ್ ಸರಿಯಾಗಿದೆ, ಈಗ ನೋಡ್ದೆ. ಹಾಸನದೋರು ಬಂದು ಎದುರಿಗೇ ಕೂತಿದ್ದಾರಲ್ಲಮ್ಮ, ಏನ್ ಹೇಳ್ಲಿ?"

ಶರ್ಮಿಳಾ ಕುರ್ಚಿಗೆ ಒರಗಿ ಕೂತಳು. "ಪಾಪ, ದೂರದಿಂದ ಬಂದಿದ್ದಾರೆ. ಕಾಫಿ ಕೊಟ್ಟು ಕಳ್ಸಿ."