ಮೂಗಣ್ಣ ಸರಿ ಎಂದ ಮೇಲೆ

ಆ ಹೋಟೆಲಿನಲ್ಲಿ ಯಾವುದು ಹಳಸಿದೆ, ಯಾವುದು ಹಳಸಿಲ್ಲ ಎಂದು ತೀರ್ಪು ಕೊಡುವ ಅಧಿಕಾರ ಒಂದೇ ಒಂದು ಮೂಗಿಗಿತ್ತು. ಆ ಮೂಗಿನ ಒಡೆಯ ಅಲ್ಲಿನ ಹಿರಿಯ ಅಡುಗೆಯವನು. ಹೆತ್ತವರಿಟ್ಟ ಹೆಸರು ಎಲ್ಲರಿಗೂ ಮರೆತುಹೋಗಿ ಅವನು ಮೂಗಣ್ಣನೇ ಆಗಿಬಿಟ್ಟಿದ್ದ. ಹಾಲಿರಲಿ, ಮಾಂಸವಿರಲಿ, ನಿನ್ನೆಯ ಎಣ್ಣೆಯಿರಲಿ, ತಂದು ಅವನ ಮೂಗಿಗೆ ಹಿಡಿಯಬೇಕು. ಒಮ್ಮೆ ಉಸಿರೆಳೆದು "ಸರಿ" ಎಂದರೆ ಒಲೆಗೆ, "ಊಹೂಂ" ಎಂದರೆ ತೊಟ್ಟಿಗೆ. ಮಾಲೀಕನೂ ಎದುರಾಡುತ್ತಿರಲಿಲ್ಲ. ಹಿಂದೊಮ್ಮೆ ಬಾಗಿಲಲ್ಲಿ ನಿಂತೇ ಉಗ್ರಾಣದ ಮೂಲೆಯ ಕೊಳೆತ ಆಲೂಗಡ್ಡೆಯನ್ನು ಪತ್ತೆಹಚ್ಚಿದವನು ಅವನು. ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಆ ಕಥೆ ಹೇಳುತ್ತಿದ್ದ. ಹೇಳಿದಾಗಲೆಲ್ಲ ಆಲೂಗಡ್ಡೆ ಇನ್ನಷ್ಟು ದೂರ ಹೋಗುತ್ತಿತ್ತು.

ಈಚೆಗೆ ಅವನದೊಂದು ಗೊಣಗಾಟ ಶುರುವಾಗಿತ್ತು. "ಈಗಿನ ಲವಂಗಕ್ಕೆ ಪರಿಮಳವೇ ಇಲ್ಲ. ಬೆಳ್ಳುಳ್ಳಿ ಅಂತೂ ಬರೀ ನೀರು. ಎಲ್ಲಾ ಕಲಬೆರಕೆ!" ಎಂದು ಅಂಗಡಿಯವರನ್ನು ಬೈಯುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಪಾಪ, ತನಗೆ ಕುಣಿಯಲು ಬರುತ್ತಿಲ್ಲ ಎಂಬುದೇ ಇವನಿಗೆ ಗೊತ್ತಿರಲಿಲ್ಲ.

ಅಂದು ಮಧ್ಯಾಹ್ನ ಮೇಜುಗಳೆಲ್ಲ ತುಂಬಿದ್ದಾಗ ಆರೋಗ್ಯ ಇಲಾಖೆಯ ಮೇಡಂ ನೇರವಾಗಿ ಅಡುಗೆಮನೆಗೇ ನುಗ್ಗಿದರು. ಹಿಂದಿನ ದಿನ ಅಲ್ಲಿ ಉಂಡ ಒಂದು ಕುಟುಂಬ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿತ್ತು. ಮೇಡಂ ಮಾಂಸ ಇಡುವ ದೊಡ್ಡ ಫ್ರಿಜ್ಜಿನ ಬಾಗಿಲು ತೆರೆದರು. ತೆರೆದವರೇ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಮಾಲೀಕ ಮುಖ ತಿರುಗಿಸಿದ. ಪಾತ್ರೆ ತೊಳೆಯುವ ಅಕ್ಕ ಕಿಟಕಿಯ ಕಡೆ ಓಡಿದಳು. ಮೂಗಣ್ಣ ಮಾತ್ರ ಕಣ್ಣು ಕಣ್ಣು ಬಿಡುತ್ತ ಒಬ್ಬೊಬ್ಬರ ಮುಖ ನೋಡಿದ. ಇವರೆಲ್ಲ ಸೇರಿಕೊಂಡು ನಾಟಕ ಆಡುತ್ತಿದ್ದಾರೆಯೇ?

"ಏನಾಯ್ತು?" ಎಂದ.

"ಏನಾಯ್ತಾ? ಈ ಗಬ್ಬುನಾತಕ್ಕೆ ಇಲ್ಲಿ ನಿಲ್ಲೋಕಾಗ್ತಿಲ್ಲ, ಏನಾಯ್ತು ಅಂತೀರಲ್ರೀ!" ಎಂದರು ಮೇಡಂ.

ಅವನು ಫ್ರಿಜ್ಜಿನೊಳಗೆ ತಲೆ ಹಾಕಿ ಎದೆ ತುಂಬ ಉಸಿರೆಳೆದ. ಒಳಗೆ ದೀಪ ಉರಿಯುತ್ತಿತ್ತು. "ನಂಗೇನೂ ಬರ್ತಿಲ್ವಲ್ಲ ಮೇಡಂ..."

ದೀಪವೇನೋ ಉರಿಯುತ್ತಿತ್ತು, ಮೋಟಾರು ನಿಂತು ದಿನಗಳಾಗಿದ್ದವು. ಮೇಡಂ ಒಳಗಿಟ್ಟ ಉಷ್ಣಮಾಪಕ ಹೊರಗಿನಷ್ಟೇ ಬಿಸಿ ತೋರಿಸಿತು. "ಈಗಿಂದೀಗಲೇ ಹೋಟೆಲ್ ಮುಚ್ಚಿ," ಎಂದು ಆಜ್ಞೆಯಾಯಿತು. ಗಿರಾಕಿಗಳು ಅರ್ಧ ಉಂಡ ತಟ್ಟೆ ಬಿಟ್ಟು ಎದ್ದರು. ಬಾಗಿಲಿಗೆ ನೋಟಿಸು ಅಂಟಿತು.

"ನೀನು ಸರಿ ಅಂದ್ಮೇಲೆ ನಾನು ನೋಡೋದೇನಿತ್ತಪ್ಪಾ?" ಎಂದ ಮಾಲೀಕ. ಬೈದಿದ್ದರೆ ಮೂಗಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಕ್ಕ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಮೊನ್ನೆಯಿಂದ್ಲೇ ನಂಗೆ ನಾತ ಬರ್ತಿತ್ತು ಅಣ್ಣಾ. ತಂದು ತೋರಿಸ್ದೆ, ನೀವು ಸರಿ ಅಂದ್ರಿ. ನನ್ನ ಮೂಗೇ ಕೆಟ್ಟಿರ್ಬೇಕು ಅಂದ್ಕೊಂಡೆ."

ಅವನಿಗೆ ತಲೆಬುಡ ತಿಳಿಯಲಿಲ್ಲ. ಕಪಾಟಿನ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮೂಸಿದ. ಲವಂಗ, ಏನೂ ಇಲ್ಲ. ಬೆಳ್ಳುಳ್ಳಿಯನ್ನು ಕೈಯಲ್ಲೇ ಜಜ್ಜಿ ಮೂಸಿದ, ಏನೂ ಇಲ್ಲ. ವಿನೆಗರ್ ಬಾಟಲಿಗೆ ಮೂಗು ಇಟ್ಟ. ಒಳಗೆಲ್ಲ ಉರಿದು ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಇದನ್ನೆಲ್ಲ ನೋಡುತ್ತಿದ್ದ ಮೇಡಂ, "ಡಾಕ್ಟರಿಗೆ ತೋರಿಸಿ," ಎಂದರು. ಅವರ ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ.

ಮನೆಗೆ ನಡೆಯುತ್ತ ಅವನು ಲೆಕ್ಕ ಹಾಕತೊಡಗಿದ. ಯಾವಾಗಿನಿಂದ? ಕಳೆದ ಚಳಿಗಾಲದ ನೆಗಡಿಯಿಂದಲೋ, ಅದಕ್ಕೂ ಮುಂಚೆಯೋ? ಬೇಕರಿಯ ಮುಂದೆ ನಿಂತ; ಗಾಜಿನ ಹಿಂದೆ ಬ್ರೆಡ್ಡು ಕಾಣಿಸಿತು, ಅಷ್ಟೇ. ತಾನು "ಸರಿ" ಎಂದಾಗಲೆಲ್ಲ ಏನನ್ನು ಮೂಸಿ ಹೇಳಿದ್ದ? ಸುಳ್ಳು ಹೇಳಿರಲಿಲ್ಲ, ಅದು ದೇವರಾಣೆಗೂ ನಿಜ. ಕೆಟ್ಟ ವಾಸನೆ ಇಲ್ಲದಿದ್ದರೆ ಸರಿ ತಾನೇ? ಹಾಗಾದರೆ ಎಲ್ಲಿ ತಪ್ಪಿತು?

ಹೆಂಡತಿ ಬಾಗಿಲು ತೆರೆದಳು. ನಡೆದದ್ದನ್ನೆಲ್ಲ ಹೇಳಿ ಕೇಳಿದ: "ನನ್ನಿಂದ ಈಗೇನಾದ್ರೂ ವಾಸನೆ ಬರ್ತಿದ್ಯಾ?"

"ಅಂಗಿಯಿಂದ ಕೊಳೆತ ಮಾಂಸದ ನಾತ. ಮೊನ್ನೆಯಿಂದ ಹೀಗೇ."

"ಹೇಳ್ಬಾರ್ದಿತ್ತೇನೇ?"

"ಹೇಳ್ದೆನಲ್ರೀ. ನಿನಗೇನು ಗೊತ್ತು, ನಿನ್ನ ಮೂಗು ಮೂಗೇ ಅಲ್ಲ ಅಂದ್ರಿ."

ಹೌದು, ಅಂದಿದ್ದ. ನಕ್ಕೂ ಇದ್ದ. ನೆನೆದು ನಾಚಿಕೆಯಾಯಿತು.

"ಆಸ್ಪತ್ರೇಲಿರೋರು ಹೇಗಿದಾರಂತೆ?" ಎಂದಳು ಅವಳು.

"ಹುಷಾರಾಗ್ತಾರೆ ಅಂದ್ರು ಮೇಡಂ. ಚಿಕ್ಕ ಮಗುವೂ ಇದೆಯಂತೆ."

ಅವಳು ಒಳಗೆ ಹೋಗಿ ಹಾಲಿನ ಪಾತ್ರೆ ತಂದಳು. ಮದುವೆಯಾದಾಗಿನಿಂದ ಆ ಮನೆಯಲ್ಲಿ ಹಾಲು ಒಲೆಗೇರುವ ಮುನ್ನ ಅವನ ಮೂಗಿಗೆ ಬರುವುದು ರೂಢಿ. ಪಾತ್ರೆ ಹಿಡಿದ ಅವಳ ಕೈ ತಾನಾಗಿ ಅವನತ್ತ ಚಾಚಿತು. ಅರ್ಧ ದಾರಿಯಲ್ಲಿ ನಿಂತಿತು. ಕೊನೆಗೆ ಅವನೇ ಪಾತ್ರೆಯನ್ನು ಅವಳ ಮುಖದ ಕಡೆ ತಳ್ಳಿದ.

"ನೀನೇ ನೋಡಿ ಹೇಳು."

ಅವಳು ಅವನು ಮಾಡುತ್ತಿದ್ದ ಹಾಗೆಯೇ ಒಮ್ಮೆ ಉಸಿರೆಳೆದಳು. ಸಂಶಯ ಬಂದು ಇನ್ನೊಮ್ಮೆ ಎಳೆದಳು. "ಸರಿ ಇದೆ," ಎಂದಳು.

ಹಾಲು ಕಾದು ಲೋಟಕ್ಕೆ ಬಂತು. ಇಷ್ಟು ವರ್ಷ ಊರೆಲ್ಲ ತನ್ನ ಒಂದು ಮಾತು ನಂಬಿ ಉಂಡಿತ್ತು. ಅವಳು ಸರಿ ಎಂದಿದ್ದಾಳೆ, ಅವಳು ತಪ್ಪು ಹೇಳುವವಳಲ್ಲ. ಆದರೂ ಲೋಟ ತುಟಿಗೆ ತಾಗಿಸಲು ಮೂಗಣ್ಣನಿಗೆ ಭಯವಾಯಿತು.